ಮಗ್ಗದ ಕುಣಿಯ ಸೀಸೆಗಳು

"ಏ! ಯಾರವ್ವಾ ನೀ? ಹಾಡಹಗಲೇ ಗ್ಯಾಸ್ ಕದಿಯಾಕ ಬಂದಿಯಲ್ಲ!"

ಬೆನ್ನ ಹಿಂದೆ ಸಿಡಿದ ಗಂಡುದನಿಗೆ ಗುರುಲಿಂಗವ್ವ ಬೆಚ್ಚಲಿಲ್ಲ. ಗುಡೂರಿನ ಮಾಳಪ್ಪನ ಹಿತ್ತಲಲ್ಲಿ, ಗೋಬರ್ ಗ್ಯಾಸಿನ ಗುಂಡಿಯ ಪಕ್ಕ, ಸೀರೆ ಎತ್ತಿ ಕಟ್ಟಿ, ಮೊಣಕಾಲವರೆಗೆ ರಾಡಿ ಮಾಡಿಕೊಂಡು ಕುಳಿತಿದ್ದಳು. ಕೊಳವೆಯ ಬಾಯಿಗೆ ಸಿಕ್ಕಿಸಿದ್ದ ಸೈಕಲ್ ಟ್ಯೂಬು ಮೆಲ್ಲಗೆ ಉಬ್ಬುತ್ತಿತ್ತು. ಅದು ತುಂಬುವ ತನಕ ಅವಳು ತಿರುಗಿಯೂ ನೋಡಲಿಲ್ಲ.

"ಮಾಳಪ್ಪಣ್ಣನ್ನ ಕೇಳೇ ಬಂದೇನಿ. ನಿಮ್ಮನ್ನೂ ಕೇಳಬೇಕಾಗಿತ್ತೇನು?"

"ಈ ಗುಂಡಿ ಕಟ್ಟಿಸಿದಾಂವ ನಾ! ಸಾರು ಕುದಿಯೂದ್ರಾಗ ಒಲಿ ಆರತೈತಿ ಅಂತ ಮಂದಿ ನನ್ನ ಬೈಯಾಕತ್ತಾರ. ಇದನ್ನ ಒಯ್ದು ಅಡಗಿ ಮಾಡ್ತೀರೇನು?"

"ಇಲ್ಲ. ಇದನ್ನ ತಿನ್ನೋರು ಬ್ಯಾರೆ ಅದಾರ."

"ಗ್ಯಾಸ್... ತಿನ್ನೋರು?"

"ಹೌದ್ರಿ. ಕಣ್ಣಿಗೆ ಕಾಣಂಗಿಲ್ಲ. ಆದರ ಭಾಳ ಹಸದಾವ!"

ಅವನಿಗೆ ನಗು ತಡೆಯಲಾಗಲಿಲ್ಲ. ಅವಳಿಗೆ ಸಿಟ್ಟು ಬಂತು. ನಕ್ಕವರನ್ನು ಅವಳು ಬಹಳ ಕಂಡಿದ್ದಳು... ಆದರೆ ನಕ್ಕ ಮೇಲೆ ಕೆಳಗೆ ಕುಳಿತು, "ಅದೆಂಗ? ಹೇಳ್ರಿ ನೋಡೂಣು" ಎಂದು ಕೇಳಿದವನು ಇವನೊಬ್ಬನೇ.

ಅವನ ಹೆಸರು ಶಂಕ್ರಪ್ಪ. ಹುನಗುಂದದ ಕಚೇರಿಯಿಂದ ಊರೂರು ತಿರುಗಿ ಗೋಬರ್ ಗ್ಯಾಸಿನ ಗುಂಡಿ ಕಟ್ಟಿಸುವ ಕೆಲಸ. ಗುರುಲಿಂಗವ್ವ ಇಳಕಲ್ಲಿನ ನೇಕಾರರ ಮಗಳು. ಧಾರವಾಡದಲ್ಲಿ ಸೂಕ್ಷ್ಮಜೀವಿಗಳ ವಿದ್ಯೆ ಕಲಿತು ಬಂದು ಊರಿನ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದಳು. ಅದು ಎಂಬತ್ತಮೂರನೆಯ ಇಸವಿ.

"ಕೆಸರಿನ ಆಳದಾಗ ಎಲಿ, ಕಸ ಕೊಳೀತಾವ. ಅಲ್ಲಿಂದ ಮೀಥೇನ್ ಅನ್ನೋ ಗ್ಯಾಸ್ ಏಳ್ತೈತಿ. ನಿಮ್ಮ ಗುಂಡ್ಯಾಗ ಹುಟ್ಟೂದೂ ಅದ. ಮ್ಯಾಲಿಂದ ಗಾಳಿ ಇಳೀತೈತಿ. ಎರಡೂ ಕೂಡೋ ಜಾಗಾದಾಗ ಈ ಬ್ಯಾಕ್ಟೀರಿಯಾ ಇರತಾವ. ನಮ್ಮ ಸೀರಿ ನೋಡ್ರಿ. ಒಡಲಿನ ನೂಲು ಬ್ಯಾರೆ, ಸೆರಗಿನ ನೂಲು ಬ್ಯಾರೆ. ನಡುವ ಕೊಂಡಿ ಹಾಕಿ ಕೂಡಸ್ತೇವಿ. ಇವೂ ಆ ಕೊಂಡಿ ಇದ್ದಂಗ. ಗ್ಯಾಸೂ ಬೇಕು, ಗಾಳೀನೂ ಬೇಕು. ಒಂದಿದ್ದು ಒಂದಿಲ್ಲಂದ್ರ ಬದುಕಿಲ್ಲ."

ಶಂಕ್ರಪ್ಪ ಅವಳ ರಾಡಿ ಮೆತ್ತಿದ ಕೈಗಳನ್ನು ನೋಡಿದ. "ನಾಳಿಯಿಂದ ಟ್ಯೂಬು ನಾನ ತರ್ತೇನಿ ಬಾಯಾರ. ಯಾರ ಒಲೀನೂ ಆರಬಾರದು ನೋಡ್ರಿ, ಅದಕ್ಕ" ಎಂದ.

ಅದಕ್ಕೇ ಏನು? ಅವಳ ಮನಸ್ಸು ಕೇಳಿತು. ಬಾಯಿ ಕೇಳಲಿಲ್ಲ.

ಅಂದಿನಿಂದ ಗ್ಯಾಸು ತುಂಬಿದ ಟ್ಯೂಬುಗಳನ್ನು ಕೊರಳಿಗೆ ಹಾಕಿಕೊಂಡು ಅವನು ಸಂಜೆಯ ಬಸ್ಸಿಗೆ ಇಳಕಲ್ಲಿಗೆ ಬರತೊಡಗಿದ. ಬಸ್ಸಿನ ಮಂದಿ ಬಿಡುತ್ತಾರೆಯೇ? "ಏನಲೇ ಶಂಕ್ರ್ಯಾ, ಮಾಲಿ ಹಾಕ್ಕೊಂಡ ಹೊಂಟಿ, ಬಾಸಿಂಗ ಎಲ್ಲಿ ಮರತ್ಯೋ?" ಅವನು ನಾಚಿ ಕಿಟಕಿಯ ಕಡೆ ಮುಖ ಮಾಡುತ್ತಿದ್ದ.

ಆ ಜೀವಗಳನ್ನು ಸಾಕಿದ್ದ ಸೀಸೆಗಳಿದ್ದದ್ದು ಗುರುಲಿಂಗವ್ವನ ಮನೆಯ ಮಗ್ಗದ ಕೋಣೆಯಲ್ಲಿ. ತಂದೆ ಕಾಲು ಇಳಿಬಿಟ್ಟು ಕುಳಿತು ನೇಯುತ್ತಿದ್ದ ಕುಣಿಯಲ್ಲಿ ಬಿಸಿಲುಗಾಲದಲ್ಲಿಯೂ ತಂಪು; ಅದಕ್ಕೇ ಅಲ್ಲಿಟ್ಟಿದ್ದಳು. ತಂದೆ ಲಿಂಗೈಕ್ಯನಾದ ಮೇಲೆ ತಾಯಿ ಸಿದ್ದವ್ವ ಆ ಕೋಣೆಯ ಹೊಸ್ತಿಲು ದಾಟಿರಲಿಲ್ಲ. ಮುಂಜಾನೆ ಲಿಂಗಪೂಜೆಗೆ ಕುಳಿತರೆ ಕಣ್ಣೀರು ಇಳಿಯುತ್ತಿತ್ತು, ದನಿ ಹೊರಡುತ್ತಿರಲಿಲ್ಲ; ಮಗಳೊಡನೆಯೂ ಮಾತು ಕಡಿಮೆಯಾಗಿತ್ತು. ಒಡೆಯನನ್ನು ಕಳಕೊಂಡ ಮನೆಯಲ್ಲಿ ಕೆಲವು ಬಾಗಿಲುಗಳು ಬೀಗವಿಲ್ಲದೆಯೂ ಮುಚ್ಚಿರುತ್ತವೆ.

ಪಟ್ಟದಕಲ್ಲಿನ ಹೊಳೆದಂಡೆಯಿಂದ ತಂದ ಕೆಸರಿನಿಂದ ಅವಳು ಆ ಜೀವಗಳನ್ನು ಎಬ್ಬಿಸಿದ್ದಳು. ಧಾರವಾಡದ ಗುರುಗಳು ಹೇಳಿದ್ದರು: "ಬದುಕಿದ ಜೀವ ತಂದು ತೋರಿಸವ್ವಾ, ಸಂಶೋಧನೆಯ ಸೀಟು ನಿನ್ನದ." ಇತ್ತ ಈರಪ್ಪ ಕಾಕಾನ ಹಟ ಬೇರೆ: "ಈ ಸಲ ಸೀಟು ಸಿಗಲಿಲ್ಲಂದ್ರ ಬಾದಾಮಿ ವರಕ್ಕ ಹೂಂ ಅನ್ನಬೇಕು!" ಬಾದಾಮಿಯವರ ಕರಾರು ಒಂದೇ, ಕೆಸರಿನ ಕೆಲಸ ಬಿಡಬೇಕು. ತಾಯಿಯ ಮುಖ ನೋಡಿ ಗುರುಲಿಂಗವ್ವ ಮಾತು ಕೊಟ್ಟಿದ್ದಳು.

ನಡುವೆ ಕೆಲವು ದಿನ ಅವಳು ಗುರುಗಳನ್ನು ಕಾಣಲು ಧಾರವಾಡಕ್ಕೆ ಹೋಗಬೇಕಾಯಿತು.

"ಸೀಸಿಗೆ ದಿನಾ ಅರ್ಧ ಗ್ಯಾಸು, ಅರ್ಧ ಗಾಳಿ. ಮರೀಬ್ಯಾಡ್ರಿ" ಎಂದಳು ಶಂಕ್ರಪ್ಪನಿಗೆ.

"ಊಟ ಮರತೇನು, ಇದನ್ನ ಮರಿಯಂಗಿಲ್ಲ."

ತಿರುಗಿ ಬಂದವಳು ಚೀಲ ಇಳಿಸದೆ ಮಗ್ಗದ ಕೋಣೆಗೆ ಓಡಿದಳು.

ಹಾಲು ಬೆರೆಸಿದಂತೆ ಇರಬೇಕಿದ್ದ ನೀರು ತಿಳಿಯಾಗಿತ್ತು. ಸೀಸೆಯೊಳಗಿನ ಗಾಳಿಯನ್ನು ಸಿರಿಂಜಿನಲ್ಲಿ ಎಳೆದು ದೀಪಕ್ಕೆ ಹಿಡಿದಳು. ನೀಲಿ ಉರಿ ಭಗ್ಗೆಂದಿತು. ಗ್ಯಾಸು ಇದ್ದಂತೆಯೇ ಇತ್ತು. ತಿನ್ನುವವರೇ ಇರಲಿಲ್ಲ...

ಅದೇ ಹೊತ್ತಿಗೆ ಟ್ಯೂಬು ಹಾಕಿಕೊಂಡು ಶಂಕ್ರಪ್ಪ ಒಳಗೆ ಬಂದ.

"ನಂಬಿ ನಿಮ್ಮ ಕೈಯಾಗ ಬಿಟ್ಟು ಹೋದರ ಇವನ್ನ ಕೊಂದ್ರೇನು?"

ಅವನು ಸೀಸೆಗಳನ್ನು ನೋಡಿದ. ಅಡುಗೆಮನೆಯ ಕಡೆ ಒಮ್ಮೆ ನೋಡಿದ.

"ತಪ್ಪಾತ್ರಿ ಬಾಯಾರ."

"ಅಷ್ಟೇನಾ? ನನ್ನ ಬಾಳೇವು ಇದರಾಗಿತ್ತು! ಹೋಗ್ರಿ... ಇನ್ನ ಈ ಹೊಸ್ತಿಲ ತುಳಿಬ್ಯಾಡ್ರಿ!"

ಅವನು ಟ್ಯೂಬುಗಳನ್ನು ಮೆತ್ತಗೆ ಇಳಿಸಿಟ್ಟು ಹೊರಟುಹೋದ. ಜಗಳವಾದರೂ ಮಾಡಬಾರದಿತ್ತೇ? ಅವಳು ಕುಣಿಯ ಅಂಚಿಗೆ ಕುಳಿತು ಬಿಕ್ಕಿದಳು.

ಬಾಗಿಲಲ್ಲಿ ನೆರಳಾಡಿತು. ಸಿದ್ದವ್ವ!

"ಅವನ್ನ ಬೈಬ್ಯಾಡ ಮಗಳ. ತುಂಬಿದಾಕಿ ನಾನು."

"ಏನಂದಿ ಯವ್ವಾ?"

"ಅಂವ ಅರ್ಧಾನ ತುಂಬಿ ಹೋಗತಿದ್ದ. ಮನಿಗೆ ಬಂದ ಜೀವಗೋಳನ್ನ ಅರಿಹೊಟ್ಟಿಲೆ ಇಟ್ಟರ ಶರಣರು ಮೆಚ್ಚತಾರೇನು? ದಾಸೋಹದ ಮನಿ ನಮ್ಮದು. ಬರೇ ಗಾಳಿ ಕುಡದು ಎಷ್ಟ ದಿನ ಬದುಕಾವು? ಅದಕ್ಕ ಆ ಗಾಳಿ ಹೊರಗ ಹಾಕಿ, ಉಳದ ಟ್ಯೂಬಿನ ಗ್ಯಾಸ್ ಕುತಿಗಿಮಟ ತುಂಬಿದ್ನಿ. ಉಣ್ಣ್ರೆಪ್ಪಾ ಅಂದ್ನಿ..." ಸಿದ್ದವ್ವ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. "ನಿಮ್ಮಪ್ಪ ಕುಂದ್ರತಿದ್ದ ಜಾಗಾ. ಯಾರೋ ಉಣ್ಣಾಕ ಕುಂತಂಗ ಅನಿಸ್ತು ನನಗ."

ಗುರುಲಿಂಗವ್ವನ ಅಳು ನಿಂತಿತು. ತಾಯಿ ಹೊಸ್ತಿಲು ದಾಟಿ ಒಳಗೆ ನಿಂತಿದ್ದಳು. ತಾಯಿ ಮಾತಾಡುತ್ತಿದ್ದಳು!

ಮರುಕ್ಷಣ ತಲೆಯೊಳಗೆ ಮಿಂಚು ಹೊಡೆಯಿತು. ವಿಷ ಬಿದ್ದಿಲ್ಲ... ಗಾಳಿ ಸಿಕ್ಕಿಲ್ಲ, ಅಷ್ಟೇ! ನೀರು ಉಕ್ಕಿ ಮುಚ್ಚಿದ ಕೆಸರಿನಲ್ಲಿ ಗಾಳಿಯಿಲ್ಲದೆ ಎಷ್ಟೋ ಕಾಲ ಮಲಗಿ, ಮತ್ತೆ ಏಳುವ ಜಾತಿ ಇವು. ಸತ್ತಿರಲಿಕ್ಕಿಲ್ಲ!

ಅವಳು ಅರ್ಧ ಗ್ಯಾಸು ಹೊರಗೆ ಬಿಟ್ಟು, ಸೈಕಲ್ ಪಂಪು ಎಳೆದುಕೊಂಡು ಗಾಳಿ ಕೊಡುತ್ತಿರುವಾಗಲೇ ಈರಪ್ಪ ಬಾದಾಮಿಯವರನ್ನು ಕರೆದುಕೊಂಡು ಬಂದ. ವರನ ಸೋದರತ್ತೆ ಇಂದ್ರಾಬಾಯಿ ಮೂಗಿಗೆ ಸೆರಗು ಹಿಡಿದಳು.

"ಮದಿವಿ ಆದಮ್ಯಾಲೂ ಈ ರಾಡಿ ಆಟ ನಡೀತೈತೇನು?"

"ಕುಂದರ್ರಿ. ಮೊದಲು ಇವಕ್ಕ ಗಾಳಿ, ಆಮ್ಯಾಲೆ ನಿಮಗ ಚಾ. ಇದು ಆಟ ಅಲ್ರಿ, ನನ್ನ ಕೆಲಸ. ಇವು ಎದ್ದರ ಧಾರವಾಡಕ್ಕ ಹೋಗ್ತೇನಿ. ಏಳದಿದ್ದರ ಮತ್ತ ಹೊಳಿಗಿಳದು ಕೆಸರು ತರ್ತೇನಿ. ಬಿಡೂದಂತೂ ಇಲ್ಲ!"

"ಗುರವ್ವಾ! ಮಾತು ಕೊಟ್ಟಿದ್ದಿ ನೀ!" ಈರಪ್ಪ ಗದರಿದ.

"ಕೊಟ್ಟಿದ್ದೆ ಕಾಕಾ. ಕೊಡಬಾರದಾಗಿತ್ತು. ಇವತ್ತ ನಿಮ್ಮೆಲ್ಲರ ಮುಂದ ತಿರುಗಿ ತಗೋತೇನಿ!"

ಈರಪ್ಪ ಸಿದ್ದವ್ವನ ಕಡೆ ತಿರುಗಿದ. "ನೀನರ ಹೇಳ ವೈನಿ!"

"ಹೇಳತೇನಿ" ಎಂದಳು ಸಿದ್ದವ್ವ. "ನನ್ನ ಗಂಡನ ಮಗ್ಗದ ಮುಂದ ನಿಂತು ನನ್ನ ಮಗಳಿಗೆ ಯಾರೂ ದನಿ ಎತ್ತಬ್ಯಾಡ್ರಿ."

ಬಂದವರು ಚಹಾ ಕುಡಿಯದೆ ಎದ್ದುಹೋದರು.

ಕಾಯುವುದೊಂದೇ ಉಳಿಯಿತು. ತಾಯಿ ಮಗಳಿಬ್ಬರೂ ಸರದಿಯ ಮೇಲೆ ಸೀಸೆ ಅಲುಗಾಡಿಸಿದರು. ಮೊದಲು ಏನೂ ಆಗಲಿಲ್ಲ. ಮರುದಿನವೂ ನೀರು ತಿಳಿಯೇ. ಆಮೇಲೊಂದು ಮುಂಜಾನೆ, ಹಣೆಗೆ ವಿಭೂತಿ ಧರಿಸಿ ಕೋಣೆಗೆ ಬಂದ ಸಿದ್ದವ್ವ ಕೂಗಿದಳು: "ಗುರವ್ವಾ! ನೀರಾಗ ಹಾಲು ಬಿದ್ದಂಗಾಗೇತಿ ಬಾರ!"

ಗುರುಲಿಂಗವ್ವ ಸಿರಿಂಜು ಎಳೆದು ದೀಪಕ್ಕೆ ಹಿಡಿದಳು. ಉರಿ ಹತ್ತಲಿಲ್ಲ! ಇದ್ದ ಗ್ಯಾಸನ್ನೆಲ್ಲ ತಿಂದು ಮುಗಿಸಿದ್ದವು!

ಸಿದ್ದವ್ವ ಕೈ ಮುಗಿದಳು. ಮಗಳು ಕೈ ತೊಳೆದು ಗುಡೂರಿನ ಬಸ್ಸು ಹತ್ತಿದಳು.

ಶಂಕ್ರಪ್ಪ ಊರಾಚೆ ಹೊಸ ಗುಂಡಿಯೊಳಗೆ ನಿಂತು ಗಾರೆಯವರಿಗೆ ಏನೋ ತೋರಿಸುತ್ತಿದ್ದ. ಅವಳನ್ನು ಕಂಡು ಕೈಯೊಳಗಿನ ಕರಣೆ ಜಾರಿತು. ಗಾರೆಯವರು ಮುಸಿಮುಸಿ ನಗುತ್ತ ಬೀಡಿ ಸೇದಲು ಆಚೆ ಹೋದರು.

"ನಮ್ಮವ್ವ ಮಾಡಿದ್ದನ್ನ ನಿಮ್ಮ ತಲಿ ಮ್ಯಾಲೆ ಯಾಕ ಹಾಕ್ಕೊಂಡ್ರಿ?"

ಅವನು ತಲೆ ತಗ್ಗಿಸಿದ. "ಅವತ್ತ ಆ ಸೀಸಿ ನೋಡಿದ ಮ್ಯಾಲೆ, ಅವ್ವಾರ ತುಂಬ್ಯಾರಂತ ತಿಳೀತ್ರಿ. ಅದಕ್ಕೂ ಮೊದಲ ಒಂದಿನ ಟ್ಯೂಬು ಬಿಟ್ಟ ಬಂದಿದ್ನೆಂತ ತಿರುಗಿ ಹೋದರ, ಅವ್ವಾರು ಒಬ್ಬರ ಕುಣಿ ಕಡೆ ಕುಂತು ಸೀಸಿಗೋಳ ಜೋಡಿ ಮಾತಾಡಾಕತ್ತಿದ್ರು. ನಗತಿದ್ರು. ನೀವು ಬೈದರ ಮತ್ತ ಆ ಕ್ವಾಣಿಗೆ ಬರೂದಿಲ್ಲ ಅನಿಸ್ತು. ನನ್ನ ಬೈದರ ಏನಾತು? ನನಗ ಬೈಗುಳ ರೂಢಿ ಐತಿ..."

ಅವಳ ಕಣ್ಣು ತುಂಬಿಬಂತು. ಈ ಮನುಷ್ಯನನ್ನೇ ಹೊಸ್ತಿಲು ತುಳಿಯಬೇಡ ಎಂದೆನಲ್ಲ!

"ಅವು ಎದ್ದಾವ್ರಿ. ಸೋಮವಾರ ಧಾರವಾಡಕ್ಕ ಒಯ್ತೇನಿ. ಕಲಿಯೂದು ಮುಗಿಯಾಕ ವರ್ಷಗಟ್ಟಲೆ ಬೇಕು. ಆಮ್ಯಾಲೂ ನಾ ಈ ಕೆಲಸ ಬಿಡಂಗಿಲ್ಲ. ಯಾರು ಏನಂದ್ರೂ ಬಿಡಂಗಿಲ್ಲ."

"ಬಿಡಬ್ಯಾಡ್ರಿ. ಬಿಡಂತ ಹೇಳಾಕ ಯಾರರ ಬಂದ್ರ ನನ್ನ ಕಡೆ ಕಳಸ್ರಿ." ಅವನು ತಡೆದು ಮೆಲ್ಲಗೆ ಕೇಳಿದ, "ಮತ್ತ... ಅಲ್ಲಿ ಗ್ಯಾಸ್ ಯಾರು ತಂದು ಕೊಡ್ತಾರ?"

"ಧಾರವಾಡದಾಗ ಎಮ್ಮಿಗೇನ ಬರ ಐತೇನ್ರಿ?"

"ಖರೆ. ಹಂಗಂದ್ರ ನನ್ನ ಕೆಲಸ ಏನೂ ಇಲ್ಲಂಗಾತು."

ಗುರುಲಿಂಗವ್ವ ಗುಂಡಿಯ ಅಂಚಿಗೆ ಕುಳಿತಳು. ಗಾರೆ ಮೆತ್ತಿದ್ದ ಅವನ ಕೈಯನ್ನು, ಹಗಲು ಹೊತ್ತಿನಲ್ಲಿ, ಊರ ಮಂದಿ ನೋಡುತ್ತಿರುವಂತೆಯೇ ಹಿಡಿದಳು.

"ಎಮ್ಮಿ ಅದಾವ್ರಿ. ನೀವಿಲ್ಲ."