ಅರ್ಧ ಕಿಲೋ ಡಬ್ಬಿಯ ಕೆಂಪು ಚೀಟಿ

ಟೊಮೇಟೊ ಬೆಳೆಯುವ ಹೆಂಗಸು ನಮ್ಮ ಬಾಗಿಲು ತಟ್ಟಿದಾಗ ನಾನು ಬಟ್ಟೆ ಮಡಚುತ್ತಿದ್ದೆ. ಆಕೆಯ ಕೈಯಲ್ಲಿ ಎರಡು ಡಬ್ಬಿ, ಕಣ್ಣಲ್ಲಿ ನೀರು. ಹುಡುಕಿಕೊಂಡು ಬಂದದ್ದು ನನ್ನ ಅತ್ತೆಯನ್ನು. ತೂಕ-ಅಳತೆ ಇಲಾಖೆಯಲ್ಲಿ ಮೂವತ್ತು ವರ್ಷ ಇನ್ಸ್‌ಪೆಕ್ಟರ್ ಆಗಿದ್ದ ಅತ್ತೆಯ ಬಳಿಗೆ, ನಿವೃತ್ತಿಯಾದ ಮೇಲೂ ಊರಿನ ತಕರಾರುಗಳು ಬರುವುದು ನಿಂತಿರಲಿಲ್ಲ. ಅತ್ತೆಗೊಂದು ಕಾಲ, ಸೊಸೆಗೊಂದು ಕಾಲ ಅನ್ನುತ್ತಾರೆ. ನಮ್ಮ ಮನೆಯಲ್ಲಿ ನನ್ನ ಕಾಲ ಇನ್ನೂ ಬಂದಿಲ್ಲ. ಅವರ ಹಿಂದೆ ಓಡಾಡಿ ಬರೆದುಕೊಳ್ಳುವುದಷ್ಟೇ ನನ್ನ ಪಾಲು.

ಸೂಪರ್‌ಮಾರ್ಕೆಟ್‌ನವರು ಎಲ್ಲ ಆಹಾರದ ಮೇಲೂ ಕಾರ್ಬನ್ ಚೀಟಿ ಅಂಟಿಸುವ ನಿಯಮ ತಂದಿದ್ದರು. ಪದಾರ್ಥ ಬೆಳೆದು ಅಂಗಡಿ ಸೇರುವಷ್ಟರಲ್ಲಿ ಗಾಳಿಗೆ ಎಷ್ಟು ಇಂಗಾಲ ಸೇರಿತು ಎಂಬ ಲೆಕ್ಕ ಅದು. ಕಡಿಮೆಯಾದರೆ ಹಸಿರು, ಹೆಚ್ಚಾದರೆ ಕೆಂಪು. ಈಕೆ ಚಳಿಗಾಲದಲ್ಲಿ ಬಾಯ್ಲರ್ ಉರಿಸಿ ಗಾಜಿನ ಮನೆಯಲ್ಲಿ ಬೆಳೆಯುವವಳು, ಹಾಗಾಗಿ ಕೆಂಪು. ತೋಟದಲ್ಲೇ ಚೀಟಿ ಅಂಟಿಸಿ ಕಳಿಸುತ್ತಿದ್ದಳು. ಆದರೆ ನಿಯಮ ಬಂದ ಮೂರು ದಿನದಿಂದಲೂ ಅಂಗಡಿಯ ಕಪಾಟಿನಲ್ಲಿ ಆಕೆಯ ಡಬ್ಬಿಗಳ ಮೇಲೆ ಮಾತ್ರ ಚೀಟಿ ಇರಲಿಲ್ಲ.

"ಕೆಂಪು ಕಂಡ್ರೆ ಜನ ತಗೊಳ್ಳಲ್ಲ ಅಂತ ನಾನೇ ಕಿತ್ತಿದೀನಂತೆ. ನಾಳೆಯೊಳಗೆ ನಾನಲ್ಲ ಅಂತ ತೋರಿಸದೇ ಇದ್ರೆ ನನ್ನ ಮಾಲು ನಿಲ್ಲಿಸ್ತಾರಂತೆ ಅಮ್ಮಾ. ನನಗಿರೋದು ಅದೊಂದೇ ಅಂಗಡಿ."

ತೋಟದಿಂದ ತಂದ ಡಬ್ಬಿಯಲ್ಲಿ ಚೀಟಿಯಿತ್ತು, ಅಂಗಡಿಯಿಂದ ತಂದದ್ದರಲ್ಲಿ ಇರಲಿಲ್ಲ. ಅತ್ತೆ ಚೀಟಿಯ ಮೇಲಿನ '1.2 ಕೆ.ಜಿ.' ಓದಿದವರೇ ಡಬ್ಬಿಯನ್ನು ಅಡುಗೆಮನೆಯ ತಕ್ಕಡಿಗೆ ಇಟ್ಟರು. ಸರಿಯಾಗಿ ಅರ್ಧ ಕಿಲೋ. ಹುಟ್ಟುಗುಣ ಸುಟ್ಟರೂ ಹೋಗದು ಅಂದುಕೊಂಡೆ. ಅಂಗಡಿಯ ಡಬ್ಬಿಯ ತಳದಲ್ಲಿ ಪೆನ್ಸಿಲ್ಲಿನ ಸಣ್ಣ ಗೆರೆಯೊಂದಿತ್ತು.

ಮರುದಿನ ಬೆಳಿಗ್ಗೆ ಅಂಗಡಿಯಲ್ಲಿ ಅತ್ತೆ ಒಂದೊಂದೇ ಸಾಮಾನು ತಿರುಗಿಸಿ ನೋಡಿದರು. ಕ್ಯಾರೆಟ್, ಆಲೂಗಡ್ಡೆ ಚೀಲಗಳಿಗೂ ಪೆನ್ಸಿಲ್ ಗೆರೆಯಿತ್ತು, ಚೀಟಿಯೂ ಇತ್ತು: ಕಿಲೋ ಕ್ಯಾರೆಟ್ಟಿಗೆ 300 ಗ್ರಾಂ. ಬಯಲಲ್ಲಿ ಬೆಳೆದ ಇನ್ನೊಬ್ಬ ವ್ಯಾಪಾರಿಯ ಅರ್ಧ ಕಿಲೋ ಟೊಮೇಟೊಗೆ 400 ಗ್ರಾಂ. ಬೆಣ್ಣೆಯ ಚೀಟಿಯ ಅಂಕಿ ಎಲ್ಲಕ್ಕಿಂತ ದೊಡ್ಡದು, ಆದರೆ ಅದಕ್ಕೆ ಗೆರೆಯಿರಲಿಲ್ಲ. ಆ ಟೊಮೇಟೊ ವ್ಯಾಪಾರಿಯೇ ಕಳ್ಳ ಎಂದು ನಾನು ಪಿಸುಗುಟ್ಟಿದೆ. ಅತ್ತೆ ನಕ್ಕು, ಎಲ್ಲರನ್ನೂ ಉಗ್ರಾಣಕ್ಕೆ ಕರೆಸಿದರು. ಮ್ಯಾನೇಜರ್, ಆ ವ್ಯಾಪಾರಿ, ನಮ್ಮ ಹೆಂಗಸು ಬಂದರು. ಬಂದ ತರಕಾರಿಯನ್ನೆಲ್ಲ ತೂಗಿ ಕಪಾಟಿಗೆ ಕಳಿಸುವ ಅಜ್ಜಿ ಮೊದಲೇ ಅಲ್ಲಿದ್ದಳು.

ಅತ್ತೆ ಬಿಡಿಸಿ ಹೇಳಿದರು. ಎದುರಾಳಿಯ ಡಬ್ಬಿಗೆ ಕೆಂಪು ಚೀಟಿ ಇದ್ದಷ್ಟೂ ವ್ಯಾಪಾರಿಗೆ ಲಾಭ, ಅವನೇಕೆ ಕೀಳುತ್ತಾನೆ? ಬೆಳೆದವಳು ಮುಚ್ಚಿಡುವುದಾದರೆ ಅಂಟಿಸುತ್ತಲೇ ಇರಲಿಲ್ಲ. ಗೆರೆ ತೂಗಿದವರ ಗುರುತು. ಬೆಣ್ಣೆ ತರಕಾರಿ ತಕ್ಕಡಿಗೆ ಬರುವುದಿಲ್ಲ. ಅಲ್ಲಿಗೆ ಬರುವ ಸಾಮಾನುಗಳಲ್ಲಿ ಚೀಟಿಯ ಅಂಕಿ ತೂಕಕ್ಕಿಂತ ಹೆಚ್ಚಿರುವುದು ಈ ಡಬ್ಬಿಯದು ಮಾತ್ರ.

ಅಜ್ಜಿ ಏಪ್ರನ್ನಿನ ಜೇಬಿನಿಂದ ಅಂಟಿಕೊಂಡ ಚೀಟಿಗಳ ಉಂಡೆ ತೆಗೆದಳು.

"ಅರ್ಧ ಕಿಲೋ ಡಬ್ಬಿ ಮೇಲೆ ಒಂದು ಕಿಲೋ ಇನ್ನೂರು ಅಂತ ಹಾಕಿದ್ರೆ ದಂಡ ಬೀಳಲ್ವಾ? ತೂಕ ತಪ್ಪು ಅಂತ ನಮ್ಮಣ್ಣನ ಅಂಗಡಿಗೆ ಬೀಗ ಹಾಕಿಸಿದ್ರು. ಬಾಯಿಬಿಟ್ರೆ ಈ ಹುಡುಗಿಗೂ ಅದೇ ಗತಿ ಅಂತ ಸುಮ್ನೆ ಕಿತ್ತೆ."

ಆ ಅಂಕಿ ಏನೆಂದು ಇವರಿಗೆ ಯಾರಾದರೂ ಹೇಳಿದ್ದರೇ ಎಂದು ಅತ್ತೆ ಕೇಳಿದರು. ಗಲ್ಲಾದಲ್ಲಿ ಕೂರುವವರಿಗೆ ಹೇಳಿದ್ದೆವು ಎಂದು ಮ್ಯಾನೇಜರ್ ತಡವರಿಸಿದ. ಆದರೂ ಅಜ್ಜಿ ನಾಳೆಯಿಂದ ಬರುವುದು ಬೇಡ ಎಂದ. ಆಗ ಟೊಮೇಟೊ ಹೆಂಗಸು ಅಜ್ಜಿಯ ಪಕ್ಕ ಹೋಗಿ ನಿಂತಳು.

"ಅಜ್ಜಿ ಹೋದ್ರೆ ನನ್ನ ಡಬ್ಬಿನೂ ಇಲ್ಲಿ ಬೇಡ. ಮೂರು ದಿನ ನನಗೋಸ್ಕರ ಭಯ ಪಟ್ಟಿದ್ದು ಅವರೊಬ್ಬರೇ."

ಮ್ಯಾನೇಜರ್ ಇಬ್ಬರನ್ನೂ ಉಳಿಸಿಕೊಂಡ. 'ಇದು ತೂಕವಲ್ಲ, ಇಂಗಾಲದ ಲೆಕ್ಕ' ಎಂಬ ಸಾಲನ್ನು ಚೀಟಿಗೆ ಸೇರಿಸಲೂ ಒಪ್ಪಿದ.

ಹಿಂದಿರುಗುವಾಗ, ಇದು ಹೇಗೆ ಹೊಳೆಯಿತು ಎಂದು ಅತ್ತೆಯನ್ನು ಕೇಳಿದೆ. ಅವರು ಕೈಚೀಲವನ್ನು ಇನ್ನೊಂದು ಕೈಗೆ ಬದಲಿಸಿದರು.

"ನಾನೂ ಮೊದಲು ಅದನ್ನ ತೂಕ ಅಂತಲೇ ಓದಿದೆ ಕಣೇ. ಓದಿದ ತಕ್ಷಣ ದಂಡ ಎಷ್ಟು ಹಾಕಬೇಕು ಅಂತ ಮನಸ್ಸಿಗೆ ಬಂತು. ಆ ಅಜ್ಜಿಗೆ, ಇವಳನ್ನ ಹೇಗೆ ಉಳಿಸೋದು ಅಂತ ಬಂದಿದೆ."

ನಾನು ಅವರ ಕೈಚೀಲವನ್ನು ಇಸಿದುಕೊಂಡು ಪಕ್ಕದಲ್ಲಿ ನಡೆದೆ.