ಅಜ್ಜಿಯ ಸೊಟ್ಟ ಗೆರೆ

“ಉಸಿರು ಹಿಡ್ಕೋ ಅಜ್ಜಿ! ನೀನು ಉಸಿರು ಬಿಟ್ರೆ ಸ್ಕೇಲ್ ಜಾರತ್ತೆ.”

“ಎಷ್ಟು ಹೊತ್ತು ಹಿಡ್ಕೊಳ್ಳಲಿ? ಗೆರೆ ಮುಗಿಯೋದ್ರೊಳಗೆ ನಾನೇ ಮುಗಿದು ಹೋಗ್ತೀನಿ. ಬೇಗ ಎಳಿ!”

ಮೊಮ್ಮಗಳು ಸೂಜಿ ನಾಲಿಗೆಯ ತುದಿಯನ್ನು ಕಚ್ಚಿಕೊಂಡು, ಅಜ್ಜಿಯ ಎಡಪಕ್ಕೆಗೆ ಮರದ ಸ್ಕೇಲ್ ಒತ್ತಿ ಹಿಡಿದು, ನೇರಳೆ ಬಣ್ಣದ ಮಾರ್ಕರಿನಿಂದ ಸರ್ರನೆ ಗೆರೆ ಎಳೆದಳು. ತೋಳಿನ ಕೆಳಗಿನಿಂದ ಎದೆಯ ಮಧ್ಯದವರೆಗೆ ಒಂದೇ ಗೆರೆ, ಎಲ್ಲೂ ಅಲುಗಿರಲಿಲ್ಲ.

ಅಜ್ಜಿ ಸ್ಟೂಲಿನಿಂದ ಎದ್ದು ಟ್ರಯಲ್ ಕನ್ನಡಿಯ ಮುಂದೆ ನಿಂತಳು. ಎಡಕ್ಕೆ ತಿರುಗಿದಳು, ಬಲಕ್ಕೆ ತಿರುಗಿದಳು. ಗಿರಾಕಿಗಳ ಕೋಟು ನೋಡುವಾಗ ಮಾಡುವಂತೆ ಒಂದು ಕಣ್ಣು ಮುಚ್ಚಿ ನೋಡಿದಳು.

“ಭೇಷ್! ಈಗ ನೀನು ನನ್ನ ಮೊಮ್ಮಗಳು ಅಂತ ಹೇಳ್ಕೋಬಹುದು” ಎಂದಳು.

ಸೂಜಿ ಖುಷಿಯಿಂದ ಉಬ್ಬಿಹೋದಳು. ಅಜ್ಜಿಯ ಬಾಯಿಂದ ‘ಭೇಷ್’ ಎಂಬ ಮಾತು ಬರುವುದು ಅಷ್ಟು ಸುಲಭವಲ್ಲ. ಪಕ್ಕದ ಬೀದಿಯ ಟೈಲರ್ ಹೊಲಿದದ್ದನ್ನು ನೋಡಿದರೆ, “ಇದು ಅಂಗಿಯಾ, ಗೋಣಿಚೀಲಾನಾ?” ಎಂದು ಕೇಳುವ ಅಜ್ಜಿ ಅವಳು.

ಹುಡುಗಿಯ ನಿಜವಾದ ಹೆಸರು ಸ್ಕೂಲಿನ ಹಾಜರಿ ಪುಸ್ತಕದಲ್ಲಿ ಮಾತ್ರ ಇತ್ತು. ಮನೆಯಲ್ಲಿ ಅವಳು ಸೂಜಿ. ಕಡ್ಡಿಯ ಹಾಗೆ ಸಣ್ಣಗಿದ್ದಳು, ಎಲ್ಲರಿಗೂ ಪ್ರಶ್ನೆ ಚುಚ್ಚುತ್ತಿದ್ದಳು. ಹೆಸರಿಟ್ಟವಳು ಅಜ್ಜಿಯೇ. ನಲವತ್ತು ವರ್ಷದಿಂದ ಮನೆಯ ಮುಂದಿನ ಕೋಣೆಯಲ್ಲಿ ಹೊಲಿಗೆ ಮೆಷಿನ್ ಇಟ್ಟುಕೊಂಡು ಅರ್ಧ ಊರಿನ ಮಕ್ಕಳಿಗೆ ಸ್ಕೂಲ್ ಯೂನಿಫಾರ್ಮ್ ಹೊಲಿದವಳಿಗೆ ಬೇರೆ ಯಾವ ಹೆಸರು ತಾನೇ ಹೊಳೆದೀತು?

ಕಳೆದ ವರ್ಷ ಅಜ್ಜಿಯ ಎದೆಯಲ್ಲಿ ಒಂದು ಗಂಟು ಸಿಕ್ಕಿತು. ಕ್ಯಾನ್ಸರ್ ಎಂದರು. ಆ ದಿನ ಮನೆಯಲ್ಲಿ ಮಾತಾಡಿದ್ದು ಅಜ್ಜಿಯೊಬ್ಬಳೇ. ಸೂಜಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೇಳಿದ್ದಳು.

“ನೋಡು, ಬಟ್ಟೆಯಲ್ಲಿ ಒಂದು ಕಡೆ ಹುಳ ಬಿದ್ದಿದೆ ಅಂದ್ಕೋ. ಮೊದಲು ಆ ಜಾಗ ಕತ್ತರಿಸ್ತಾರೆ, ಅದು ಆಪರೇಷನ್. ಹುಳದ ಮೊಟ್ಟೆ ಇನ್ನೆಲ್ಲಾದ್ರೂ ಇರಬಹುದು ಅಂತ ಇಡೀ ಬಟ್ಟೇನೇ ಒಗೀತಾರೆ, ಅದು ಕೀಮೋ. ಆಮೇಲೆ ಹುಳ ಇದ್ದ ಜಾಗದ ಮೇಲೆ ಬಿಸಿ ಇಸ್ತ್ರಿ ಇಡ್ತಾರೆ, ಅದು ರೇಡಿಯೇಶನ್. ಕತ್ತರಿ, ಒಗೆತ, ಇಸ್ತ್ರಿ. ಇಷ್ಟೇ.”

ಕತ್ತರಿ ಮುಗಿದಾಗ ಅಜ್ಜಿ ಕನ್ನಡಿಯಲ್ಲಿ ತನ್ನ ಹೊಲಿಗೆ ನೋಡಿಕೊಂಡು, “ಡಾಕ್ಟರ ಕೈ ಪರವಾಗಿಲ್ಲ. ಕೊನೇ ಗಂಟು ಮಾತ್ರ ಅವಸರದಲ್ಲಿ ಹಾಕಿದ್ದಾರೆ” ಎಂದಳು. ಒಗೆತ ಮಾತ್ರ ಅವಳನ್ನು ಹಿಂಡಿ ಹಾಕಿತು. ಊಟ ಸೇರಲಿಲ್ಲ, ಮೆಷಿನ್ ತುಳಿಯಲು ಕಾಲಿನಲ್ಲಿ ಶಕ್ತಿಯಿರಲಿಲ್ಲ, ತಲೆಯ ಕೂದಲೆಲ್ಲ ಉದುರಿತು. ಆಗಲೂ ಟೇಪ್ ತೆಗೆದು ತನ್ನ ಬೋಳು ತಲೆಯನ್ನು ಅಳೆದುಕೊಂಡು, “ಇಪ್ಪತ್ತೊಂದು ಇಂಚು! ಇಷ್ಟು ವರ್ಷ ಈ ಕೂದಲು ಸುಳ್ಳು ಅಳತೆ ಕೊಡ್ತಿತ್ತು” ಎಂದಿದ್ದಳು.

ಈಗ ಇಸ್ತ್ರಿಯ ಸರದಿ. ಒಟ್ಟು ಇಪ್ಪತ್ತೈದು ದಿನ. ಹನ್ನೊಂದು ಮುಗಿದಿತ್ತು. ರೇಡಿಯೇಶನ್ ರೂಮಿನ ಅಣ್ಣ ಅಜ್ಜಿಯ ಮೈಮೇಲೆ ನೇರಳೆ ಬಣ್ಣದ ಗೆರೆಗಳನ್ನು ಎಳೆದು ಕಳಿಸಿದ್ದ. ಅದೇ ಅಜ್ಜಿಯ ತಲೆನೋವಾಗಿತ್ತು. ಒಂದು ಗೆರೆ ಪಕ್ಕೆಯ ಹತ್ತಿರ ಸೊಟ್ಟಗೆ ಇಳಿದಿತ್ತು.

“ಜೀವಮಾನ ಪೂರ್ತಿ ನೇರ ಗೆರೆ ಎಳೆದವಳ ಮೈಮೇಲೆ ಇಂಥ ಗೆರೆಯಾ!” ಎಂದು ಅಜ್ಜಿ ಎರಡು ವಾರ ಗೊಣಗಿದಳು. ಈ ಭಾನುವಾರ ತಾಳ್ಮೆ ಮುಗಿಯಿತು. ಆಪರೇಷನ್ ಆದ ಕಡೆಯ ಕೈ ಆಸರೆಯಿಲ್ಲದೆ ಇನ್ನೂ ಪೂರ್ತಿ ಮೇಲೇಳುತ್ತಿರಲಿಲ್ಲ. ಹಾಗಾಗಿ ಹತ್ತಿಗೆ ಎಣ್ಣೆ ಹಚ್ಚಿ ಹಳೆಯ ಗೆರೆ ಅಳಿಸಿದ್ದೂ ಸೂಜಿಯೇ, ಹೊಸದು ಎಳೆದಿದ್ದೂ ಸೂಜಿಯೇ.

“ನಿಮ್ಮಮ್ಮಂಗೆ ಹೇಳ್ಬೇಡ” ಎಂದಳು ಅಜ್ಜಿ, ಅಂಗಿಯ ಗುಂಡಿ ಹಾಕಿಕೊಳ್ಳುತ್ತಾ.

“ಗೆರೆ ಅಳಿಸ್ಬೇಡಿ ಅಂತ ಆ ಅಣ್ಣ ಹೇಳಿದ್ರಲ್ವಾ?”

“ಅಳಿಸ್ಬೇಡಿ ಅಂದ. ತಿದ್ದಬೇಡಿ ಅಂದ್ನಾ?”

ಸೂಜಿ ಯೋಚಿಸಿದಳು. ಅಂದಿರಲಿಲ್ಲ. “ಗಾಡ್ ಪ್ರಾಮಿಸ್, ಯಾರಿಗೂ ಹೇಳಲ್ಲ” ಎಂದಳು.

ಸೋಮವಾರ ಸ್ಕೂಲ್ ಬಿಟ್ಟ ಮೇಲೆ ಅಮ್ಮ ಅವಳನ್ನು ನೇರವಾಗಿ ಆಸ್ಪತ್ರೆಗೇ ಕರೆದುಕೊಂಡು ಬಂದಳು. ಅಜ್ಜಿ ಆಗಲೇ ಬಂದು ಕೂತು, ಪಕ್ಕದವರಿಗೆ ತನ್ನ ಅಂಗಿ ತೋರಿಸುತ್ತಿದ್ದಳು. ರೇಡಿಯೇಶನ್‌ಗೆಂದೇ ಅವಳು ಹೊಲಿದುಕೊಂಡ ಅಂಗಿ ಅದು. ಸಡಿಲವಾದದ್ದು, ಮುಂದೆ ಗುಂಡಿ, ಒಳಗಡೆ ಚುಚ್ಚುವ ಹೊಲಿಗೆಯೇ ಇಲ್ಲ. ಇಬ್ಬರು ಆಗಲೇ ತಮಗೂ ಒಂದೊಂದು ಬೇಕೆಂದು ಅಳತೆ ಕೊಟ್ಟಿದ್ದರು.

ಅಮ್ಮ ಫೈಲ್ ಹಿಡಿದು ಕೌಂಟರ್ ಕಡೆ ಹೋದಳು. ಸೂಜಿಯ ಎದುರು ಬಸ್ ಡ್ರೈವರ್ ಮಾವ ಕೂತಿದ್ದರು. ಅವರಿಗೂ ದಿನಾ ಇದೇ ಹೊತ್ತಿಗೆ ರೇಡಿಯೇಶನ್. ಅವರ ಕುತ್ತಿಗೆಯ ಬುಡದಲ್ಲೂ ನೇರಳೆ ಗೆರೆ ಕಾಣುತ್ತಿತ್ತು.

“ಮಾವ, ನಿಮ್ಮ ಗೆರೇನೂ ಸೊಟ್ಟ ಇದೆ” ಎಂದಳು ಸೂಜಿ.

“ಇರ್ಲಿ ಬಿಡಮ್ಮ. ನನ್ನ ಮುಖವೇನು ನೆಟ್ಟಗಿದೆಯಾ?”

“ಅಳಿಸಿ ನೇರ ಮಾಡ್ಕೋಬಹುದಲ್ವಾ?”

ಮಾವ ನಗುವುದನ್ನು ನಿಲ್ಲಿಸಿದರು. “ಅಯ್ಯೋ, ಆ ಕೆಲಸ ಮಾತ್ರ ಮಾಡಬಾರ್ದು! ಕಿರಣ ಎಲ್ಲಿ ಬೀಳ್ಬೇಕು ಅಂತ ಗುರುತು ಹೇಳೋದೇ ಆ ಗೆರೆ. ಗೆರೆ ಸರಿದ್ರೆ, ಬಸ್ಸು ಸ್ಟಾಪ್ ಬಿಟ್ಟು ಮುಂದೆ ಹೋಗಿ ನಿಂತ ಹಾಗೆ. ಹತ್ತಬೇಕಾದವರು ಅಲ್ಲೇ ಉಳೀತಾರೆ.”

ಸೂಜಿ ಅಜ್ಜಿಯ ಅಂಗಿಯ ಕಡೆ ನೋಡಿದಳು. ಹುಳ ಒಂದು ಕಡೆ, ಇಸ್ತ್ರಿ ಇನ್ನೊಂದು ಕಡೆ! ಹುಳ ಅಲ್ಲೇ ಉಳಿದುಬಿಟ್ಟರೆ?

ಅವಳು ಅಜ್ಜಿಯ ಕಿವಿಗೆ ಬಾಯಿಟ್ಟಳು. “ಅಜ್ಜಿ, ಹೇಳಿಬಿಡೋಣ. ನಾವು ತಪ್ಪು ಮಾಡಿದ್ದೀವಿ.”

“ಸುಮ್ನಿರೇ. ಅವನೇ ನೋಡಿ, ‘ಯಾರು ಎಳೆದಿದ್ದು ಇಷ್ಟು ಚೆನ್ನಾಗಿ’ ಅಂತ ಕೇಳ್ತಾನೆ ನೋಡ್ತಿರು.”

ಅಷ್ಟರಲ್ಲಿ ಅಜ್ಜಿಯ ನಂಬರ್ ಕರೆದರು. ಅಜ್ಜಿ ತಲೆಯ ಟೋಪಿ ಸರಿಮಾಡಿಕೊಂಡು, ಮದುವೆಮನೆಗೆ ಹೋಗುವವಳ ಹಾಗೆ ಒಳಗೆ ನಡೆದಳು.

ಸೂಜಿ ಗೋಡೆಗೆ ಒರಗಿ ನಿಂತಳು. ಗಾಡ್ ಪ್ರಾಮಿಸ್ ಮಾಡಿಯಾಗಿದೆ. ಮಾತು ಮುರಿದರೆ ಅಜ್ಜಿ ಮತ್ತೆಂದೂ ತನ್ನನ್ನು ನಂಬುವುದಿಲ್ಲ, ಮತ್ತೆಂದೂ ಭೇಷ್ ಎನ್ನುವುದಿಲ್ಲ. ಮಾತು ಉಳಿಸಿಕೊಂಡರೆ? ಮುಂದಿನದನ್ನು ಯೋಚಿಸಲು ಅವಳಿಗೆ ಆಗಲಿಲ್ಲ. ಆ ದಪ್ಪ ಬಾಗಿಲು ಮುಚ್ಚಿ ಮೇಲಿನ ಕೆಂಪು ದೀಪ ಹತ್ತಿದರೆ ಮುಗಿಯಿತು, ಒಳಗೆ ಮೆಷಿನ್ ಶುರುವಾಗುತ್ತದೆ ಎಂಬುದು ಅವಳಿಗೆ ಗೊತ್ತಿತ್ತು.

ಬಾಗಿಲು ಇನ್ನೂ ತೆರೆದಿತ್ತು. ರೇಡಿಯೇಶನ್ ರೂಮಿನ ಅಣ್ಣ ಹೊರಗೆ ಬಂದ.

ಸೂಜಿ ಓಡಿದಳು. ಸ್ಕೂಲ್ ಬ್ಯಾಗ್ ಬೆನ್ನ ಮೇಲೆ ದಡಬಡ ಕುಣಿಯಿತು. “ಅಣ್ಣಾ, ಬಾಗಿಲು ಹಾಕ್ಬೇಡಿ! ಗೆರೆ ನಾನು ಎಳೆದಿದ್ದು! ಹಳೇದು ಅಳಿಸಿಬಿಟ್ಟೆ. ಅಜ್ಜಿ ಹೇಳಿದ್ರು, ಆದ್ರೆ ಸ್ಕೇಲ್ ಹಿಡಿದಿದ್ದು ನಾನೇ!”

ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿ ಮುಗಿಸಿ ಅತ್ತೇಬಿಟ್ಟಳು. ಕೌಂಟರಿನ ಹತ್ತಿರ ಅಮ್ಮನ ಕೈಯಿಂದ ಫೈಲ್ ಜಾರಿ ಬಿತ್ತು.

ಅಣ್ಣ ಹಣೆ ಚಚ್ಚಿಕೊಂಡ. “ಅದಕ್ಕೇನಾ! ಮೆಷಿನ್ ಬೆಳಕು ಗೆರೆಗೆ ಹೊಂದ್ತಾನೇ ಇಲ್ಲ. ಮೆಷಿನ್ನೇ ಕೆಟ್ಟಿದೆ ಅಂತ ಡಾಕ್ಟರನ್ನ ಕರೆಯೋಕೆ ಹೊರಟಿದ್ದೆ. ನೀನು ಹೇಳದೆ ಇದ್ದಿದ್ರೆ ಕಾರಣ ಹುಡುಕೋಕೇ ಎರಡು ದಿನ ಹಿಡೀತಿತ್ತು.” ಆಮೇಲೆ ಸ್ವಲ್ಪ ನಕ್ಕ. “ನಾನೂ ಅಂದ್ಕೊಂಡೆ, ಇಷ್ಟು ನೀಟಾಗಿ ನಾನು ಯಾವತ್ತು ಗೆರೆ ಎಳೆದೆ ಅಂತ.”

ಡಾಕ್ಟರಮ್ಮ ಬಂದರು. ಅಜ್ಜಿ ಎತ್ತರದ ಹಾಸಿಗೆಯ ತುದಿಯಲ್ಲಿ ಕೂತು, ತಪ್ಪು ಮಾಡಿ ಸಿಕ್ಕಿಬಿದ್ದ ಒಂದನೇ ಕ್ಲಾಸ್ ಮಗುವಿನ ಹಾಗೆ ಕಾಲು ಆಡಿಸುತ್ತಿದ್ದಳು. ಡಾಕ್ಟರಮ್ಮ ಫೈಲಿನಿಂದ ಒಂದು ಫೋಟೋ ತೆಗೆದು ತೋರಿಸಿದರು. ಅಜ್ಜಿ ಅಂಗಾತ ಮಲಗಿ, ಕೈಯನ್ನು ತಲೆಯ ಮೇಲಿಟ್ಟುಕೊಂಡಿದ್ದ ಫೋಟೋ. ಅದರಲ್ಲಿ ಆ ಸೊಟ್ಟ ಗೆರೆ ನೆಟ್ಟಗೆ ಇತ್ತು!

“ನೋಡಿ ಅಜ್ಜಿ, ನೀವು ಮಲಗಿ ಕೈ ಎತ್ತಿದಾಗ ಎಳೆದ ಗೆರೆ ಇದು. ಎದ್ದು ಕೂತ್ರೆ ಚರ್ಮ ಇಳಿಯುತ್ತೆ, ಗೆರೆ ಸೊಟ್ಟ ಕಾಣುತ್ತೆ. ನೀವು ಕೂತ್ಕೊಂಡು ನೇರ ಮಾಡಿದ್ರಿ, ಈಗ ಮಲಗಿದ್ರೆ ಒಂದು ಬೆರಳಷ್ಟು ಆಚೆ ಹೋಗಿದೆ.”

ಅಜ್ಜಿ ಫೋಟೋವನ್ನು ಬಹಳ ಹೊತ್ತು ನೋಡಿದಳು. “ಮೇಜಿನ ಮೇಲೆ ಕತ್ತರಿಸಿದ ಬಟ್ಟೆ ಮೈಮೇಲೆ ಬೇರೆ ಥರಾನೇ ಬೀಳತ್ತೆ. ಹೊಲಿಗೆ ಕಲಿಯೋಕೆ ಬರೋ ಹುಡುಗಿಯರಿಗೆ ದಿನಾ ಇದನ್ನೇ ಹೇಳಿಕೊಡ್ತೀನಿ” ಎಂದು ಮೆಲ್ಲಗೆ ಹೇಳಿದಳು. “ನನಗೇ ಗೊತ್ತಾಗ್ಲಿಲ್ವಲ್ಲ!”

ಅಮ್ಮನಿಗೆ ಕೋಪವೂ ಬಂದಿತ್ತು, ನಗುವೂ ಬಂದಿತ್ತು. “ಕುಣಿಯಲಾರದವಳು ನೆಲ ಡೊಂಕು ಅಂದ್ಳಂತೆ. ಅತ್ತೆ, ನೀವು ಅಂದಿದ್ದಷ್ಟೇ ಅಲ್ಲ, ನೆಲಾನೇ ಅಗೆದುಬಿಟ್ರಿ!”

ಆ ಗಾದೆಯನ್ನು ಅಜ್ಜಿ ದಿನಕ್ಕೆ ಹತ್ತು ಸಲ ಗಿರಾಕಿಗಳಿಗೆ ಹೇಳುತ್ತಿದ್ದಳು. ಅದು ತಿರುಗಿ ತನ್ನ ಮೇಲೇ ಬಂದದ್ದು ಇದೇ ಮೊದಲು.

“ಇವತ್ತು ಬೇಡ. ನಾಳೆ ಮತ್ತೆ ಸ್ಕ್ಯಾನ್ ಮಾಡಿ ಹೊಸ ಗೆರೆ ಹಾಕ್ತೀವಿ. ತಪ್ಪಿದ ಒಂದು ದಿನಾನ ಕೊನೇಲಿ ಸೇರಿಸ್ಕೊಳ್ತೀವಿ. ಏನೂ ಅಪಾಯ ಆಗಿಲ್ಲ” ಎಂದರು ಡಾಕ್ಟರಮ್ಮ.

ಸೂಜಿ ಕಣ್ಣು ಒರೆಸಿಕೊಂಡಳು. ಅತ್ತು ಮುಗಿದ ಮೇಲೆ ಅವಳಲ್ಲಿ ಉಳಿದದ್ದು ಒಂದೇ ಪ್ರಶ್ನೆ. “ಡಾಕ್ಟರ್, ಇಪ್ಪತ್ತೈದೂ ಮುಗಿದ್ರೆ ಅಜ್ಜಿಗೆ ಪೂರ್ತಿ ವಾಸಿ ಆಗತ್ತಾ?”

ಅಮ್ಮ ಅವಳ ಭುಜ ಅದುಮಿದಳು. ಡಾಕ್ಟರಮ್ಮ ಮಾತ್ರ ಸ್ಟೂಲ್ ಎಳೆದುಕೊಂಡು ಅವಳ ಎದುರು ಕೂತರು.

“ಆಪರೇಷನ್ ಚೆನ್ನಾಗಿ ಆಗಿದೆ. ಕೀಮೋ ಚೆನ್ನಾಗಿ ಕೆಲಸ ಮಾಡಿದೆ. ಇದೂ ಮುಗಿದ್ರೆ ಮತ್ತೆ ಬರದೆ ಇರೋ ಸಾಧ್ಯತೇನೇ ಜಾಸ್ತಿ. ಆದ್ರೆ ಖಂಡಿತ ಬರೋದೇ ಇಲ್ಲ ಅಂತ ಹೇಳಿದ್ರೆ ಸುಳ್ಳಾಗತ್ತೆ. ಅದಕ್ಕೇ ಆಗಾಗ ಕರೆಸಿ ನೋಡ್ತಾ ಇರ್ತೀವಿ.”

ಸೂಜಿ ಅಜ್ಜಿಯ ಕಡೆ ತಿರುಗಿದಳು. ಅಜ್ಜಿ ಏನಾದರೂ ತಮಾಷೆ ಮಾಡುತ್ತಾಳೆ ಎಂದು ಕಾದಳು. ಅಜ್ಜಿ ಮಾಡಲಿಲ್ಲ. ಅಂಗಿಯ ಒಂದೇ ಗುಂಡಿಯನ್ನು ತಿರುಗಿಸುತ್ತಾ, ಡಾಕ್ಟರಮ್ಮನ ಬಾಯನ್ನೇ ನೋಡುತ್ತಿದ್ದಳು.

ವಾಪಸ್ ಬರುವಾಗ ಬಸ್ಸಿನಲ್ಲಿ ಅಮ್ಮನಿಗೆ ಮುಂದೆ ಸೀಟು ಸಿಕ್ಕಿತು. ಅಜ್ಜಿಯೂ ಸೂಜಿಯೂ ಹಿಂದೆ ಕೂತರು. ನಾಲ್ಕು ಸ್ಟಾಪ್ ಕಳೆಯುವವರೆಗೂ ಅಜ್ಜಿ ಟಿಕೆಟನ್ನು ಮಡಿಸುತ್ತಾ ಬಿಚ್ಚುತ್ತಾ ಕೂತಿದ್ದಳು.

“ಪ್ರಾಮಿಸ್ ಮುರಿದೆ ಅಂತ ಕೋಪಾನಾ?” ಎಂದು ಸೂಜಿ ಕೇಳಿದಳು.

“ಕೋಪ ಇದೆ. ಇಡೀ ಆಸ್ಪತ್ರೆ ಮುಂದೆ ನನ್ನ ಮಾನ ಹರಾಜು ಹಾಕ್ಬಿಟ್ಟೆ.” ಅಜ್ಜಿ ಕಿಟಕಿಯ ಹೊರಗೆ ನೋಡಿದಳು. “ಆ ಪ್ರಶ್ನೆ ನಾನು ಕೇಳ್ಬೇಕಾಗಿತ್ತು ಕಣೇ. ಒಂದು ವರ್ಷದಿಂದ ಬಾಯಿಗೆ ಬರ್ತಿತ್ತು, ನುಂಗಿಕೊಳ್ತಿದ್ದೆ.”

“ನಿನಗೂ ಭಯಾನಾ ಅಜ್ಜಿ?”

“ನನಗೇನು ಭಯ?” ಎಂದಳು ಅಜ್ಜಿ ಜೋರಾಗಿ. ಆಮೇಲೆ ಮೆಲ್ಲಗೆ, “ಇದೆ. ಕತ್ತರೀನೂ ಅವರದೇ, ಒಗೆತಾನೂ ಅವರದೇ. ನನ್ನ ಕೈಯಲ್ಲಿ ಏನೂ ಇಲ್ಲ. ಆ ಗೆರೆ ಒಂದನ್ನಾದ್ರೂ ತಿದ್ದೋಣ ಅನ್ನಿಸ್ತು” ಎಂದಳು.

ಸೂಜಿ ಅಜ್ಜಿಯ ಬೆರಳುಗಳನ್ನು ಹಿಡಿದುಕೊಂಡಳು. ಹೊಲಿಗೆಯ ಸೂಜಿ ಚುಚ್ಚಿ ಚುಚ್ಚಿ ಒರಟಾಗಿದ್ದ ಆ ಬೆರಳುಗಳು ಇಳಿಯುವ ಸ್ಟಾಪ್ ಬರುವವರೆಗೂ ಅವಳ ಕೈಯಲ್ಲೇ ಇದ್ದವು.

ಮರುದಿನ ಹೊಸ ಗೆರೆ ಬಂತು. ಈ ಸಲದ್ದು ಹಳೆಯದಕ್ಕಿಂತಲೂ ಸೊಟ್ಟ! ಅಜ್ಜಿ ಮರದ ಸ್ಕೇಲನ್ನೂ ಮಾರ್ಕರನ್ನೂ ತಂದು ಸೂಜಿಯ ಸ್ಕೂಲ್ ಬ್ಯಾಗಿನಲ್ಲಿ ತುರುಕಿದಳು. “ಮುಗಿಯೋವರೆಗೂ ನಿನ್ನ ಹತ್ರಾನೇ ಇರ್ಲಿ. ನನ್ನ ಕೈ ನಂಬೋ ಹಾಗಿಲ್ಲ. ಕೇಳಿದ್ರೂ ಕೊಡಬೇಡ.”

ಸ್ಕೇಲ್ ಬ್ಯಾಗಿಗಿಂತ ಉದ್ದವಿತ್ತು. ಕ್ಲಾಸಿನಲ್ಲಿ ಎಲ್ಲರೂ, “ಏನೇ ಇದು, ಟೀಚರ್‌ಗೆ ಹೊಡೆಯೋಕಾ?” ಎಂದು ಗೇಲಿ ಮಾಡಿದರು. ಸೂಜಿ ದಿನಾ ಅದನ್ನು ಹೊತ್ತಳು.

ಪ್ರತಿದಿನ ಬೆಳಿಗ್ಗೆ ಸ್ಕೂಲಿಗೆ ಹೊರಡುವ ಮುಂಚೆ ಅಜ್ಜಿ ಅವಳನ್ನು ಕರೆಯುತ್ತಿದ್ದಳು. ಟ್ರಯಲ್ ಕನ್ನಡಿ ಪಕ್ಕದಲ್ಲೇ ಇತ್ತು, ಅಜ್ಜಿ ತಾನೇ ನೋಡಿಕೊಳ್ಳಬಹುದಿತ್ತು. ಆದರೂ ಕನ್ನಡಿಗೆ ಬೆನ್ನು ಹಾಕಿ ನಿಂತು ಕೇಳುತ್ತಿದ್ದಳು.

“ನೋಡೇ, ಸೊಟ್ಟ ಇದೆಯಾ?”

ಅಜ್ಜಿ ಕೇಳುತ್ತಿರುವುದು ಗೆರೆಯೊಂದರ ಬಗ್ಗೆ ಮಾತ್ರ ಅಲ್ಲ ಎಂಬುದು ಸೂಜಿಗೆ ಈಗ ಗೊತ್ತಿತ್ತು. ಬಸ್ಸಿಗೆ ಹೊತ್ತಾಗಿದ್ದರೂ ಅವಳು ಅವಸರ ಮಾಡುತ್ತಿರಲಿಲ್ಲ. ಬಗ್ಗಿ, ಒಂದು ಕಣ್ಣು ಮುಚ್ಚಿ, ತೋಳಿನ ಕೆಳಗಿನಿಂದ ಎದೆಯ ಮಧ್ಯದವರೆಗೆ ಪೂರ್ತಿ ನೋಡುತ್ತಿದ್ದಳು.

“ಸೊಟ್ಟಾನೇ ಇದೆ ಅಜ್ಜಿ.”

“ಸದ್ಯ!” ಎಂದು ಅಜ್ಜಿ ಉಸಿರು ಬಿಡುತ್ತಿದ್ದಳು.