ಹಾಜಿಯ ಅಧಿಕಾರಪತ್ರ

ಹಲ್ವಾ ಕಂಪನಿಗೆ ಹಲ್ಲಿನ ಡಾಕ್ಟರನ್ನು ಪಾಲುದಾರನನ್ನಾಗಿ ಸೇರಿಸಿಕೊಂಡ ದಿನವೇ ವಗ್ದಿ ಸಲ್ಲೂಮ್ ತನ್ನ ಧಣಿಗೆ ಟೋಪಿ ಹಾಕುವುದೆಂದು ತೀರ್ಮಾನಿಸಿದ.

ಕೈರೋದ ಶುಬ್ರಾದಲ್ಲಿ ಹಾಜಿ ಬರ್ಹೂಮಿಯವರ ಎಳ್ಳಿನ ಹಲ್ವಾ ತಿನ್ನದ ಮನೆಯಿಲ್ಲ. ಕಂಪನಿಯ ಕಾಗದಪತ್ರಗಳೆಲ್ಲ ವಗ್ದಿಯ ಕಪಾಟಿನಲ್ಲಿ. ಪ್ರತಿ ಈದ್‌ಗೂ ಹಾಜಿ ಅವನ ಬೆನ್ನು ತಟ್ಟಿ, "ಮುಂದಿನ ವರ್ಷ ನಿನ್ನನ್ನ ಪಾಲುದಾರ ಮಾಡ್ಕೋತೀನಿ ಮಗಾ, ದೇವರು ಮನಸ್ಸು ಮಾಡಿದ್ರೆ" ಎನ್ನುತ್ತ ಒಂದು ಡಬ್ಬಿ ಹಲ್ವಾ ಕೊಡುತ್ತಿದ್ದರು. ಡಬ್ಬಿ ಪ್ರತಿ ವರ್ಷವೂ ಬಂತು, ಮುಂದಿನ ವರ್ಷ ಮಾತ್ರ ಬರಲಿಲ್ಲ. ಅದರ ಬದಲು ಬಂದದ್ದು ಹಾಜಿಯ ಅಳಿಯ, ಅದೇ ಹಲ್ಲಿನ ಡಾಕ್ಟರು. ಮೊದಲ ದಿನವೇ ಆ ಡಾಕ್ಟರು ಕೆಲಸಗಾರರನ್ನೆಲ್ಲ ಬಾಣಲೆಗಳ ಸುತ್ತ ನಿಲ್ಲಿಸಿ, ಸಕ್ಕರೆಯಿಂದ ಹಲ್ಲು ಹೇಗೆ ಹುಳುಕಾಗುತ್ತದೆಂದು ಭಾಷಣ ಮಾಡಿದ. ಹಾಜಿ ಹೆಮ್ಮೆಯಿಂದ ತಲೆಯಾಡಿಸಿದರು.

ದುಬೈಯ ವ್ಯಾಪಾರಿಗಳು ಹಲ್ವಾಕ್ಕಾಗಿ ಎಂದಿನಿಂದಲೋ ಗೋಗರೆಯುತ್ತಿದ್ದರು. "ಬೇಕಾದೋರು ಶುಬ್ರಾಕ್ಕೆ ಬರಲಿ" ಎಂಬುದು ಹಾಜಿಯ ಉತ್ತರ. ಆ ಉತ್ತರದಲ್ಲೇ ವಗ್ದಿಗೆ ದಾರಿ ಕಂಡಿತು. ಹಾಜಿಗೆ ಗೊತ್ತಾಗದಂತೆ ಅವರ ಕಂಪನಿಯ ಶಾಖೆಯನ್ನು ದುಬೈಯಲ್ಲಿ ನೋಂದಾಯಿಸುವುದು. ಸಕಲ ಅಧಿಕಾರವೂ ತನಗೇ ಇರುವಂತೆ ನೋಡಿಕೊಳ್ಳುವುದು. ವ್ಯಾಪಾರಿಗಳಿಂದ ಮುಂಗಡ ಹಣ ಪಡೆದು ಕಣ್ಮರೆಯಾಗುವುದು. ಅದಕ್ಕೆ ಬೇಕಾದ ದಾಖಲೆಗಳೆಲ್ಲ ಅಸಲಿಯಾಗಿಯೇ ಅವನ ಬಳಿ ಇದ್ದವು. ಹಾಜಿ ನೋಟರಿಯ ಮುಂದೆ ಸಹಿ ಹಾಕಿದ ಒಂದು ಅಧಿಕಾರಪತ್ರ ಮಾತ್ರ ಬೇಕಿತ್ತು. ಮೊದಲ ಮೊಹರು ಬಿದ್ದರೆ ಮುಂದಿನದ್ದು ಸಲೀಸು. ವಿದೇಶಾಂಗ ಸಚಿವಾಲಯದವರು ನೋಟರಿಯ ಮೊಹರನ್ನು ನೋಡುತ್ತಾರೆ, ರಾಯಭಾರ ಕಚೇರಿಯವರು ಸಚಿವಾಲಯದ ಮೊಹರನ್ನು ನೋಡುತ್ತಾರೆ, ದುಬೈಯವರು ರಾಯಭಾರ ಕಚೇರಿಯ ಮೊಹರನ್ನು ನೋಡುತ್ತಾರೆ. ಒಳಗೆ ಏನು ಬರೆದಿದೆ ಎಂದು ಯಾರೂ ಓದುವುದಿಲ್ಲ. ಈ ವ್ಯವಸ್ಥೆಯ ಬಗ್ಗೆ ವಗ್ದಿಗೆ ಭಕ್ತಿಯೇ ಇತ್ತು.

ಹಾಜಿ ಯಾವ ಕಚೇರಿಯ ಮೆಟ್ಟಿಲನ್ನೂ ಹತ್ತಿದವರಲ್ಲ. ಅವರ ಹಲ್ವಾ ಎಲ್ಲರಿಗೂ ಗೊತ್ತು, ಮುಖ ಯಾರಿಗೂ ಗೊತ್ತಿಲ್ಲ. ಹಾಗಾಗಿ ವಗ್ದಿ ಒಬ್ಬ ಹಾಜಿಯನ್ನು ಬಾಡಿಗೆಗೆ ಹುಡುಕಿದ.

ಉಸ್ತಾದ್ ಫಿಕ್ರಿ ಸಿಕ್ಕಿದ್ದು ಸಿನಿಮಾದ ಸಣ್ಣಪುಟ್ಟ ನಟರು ಕೆಲಸಕ್ಕಾಗಿ ಕಾದು ಕೂರುವ ಕಾಫಿ ಅಂಗಡಿಯಲ್ಲಿ. ಹೋಟೆಲ್ ಮಾಣಿ, ಮದುವೆಮನೆಯ ನೆಂಟ, ಬಿಳಿ ಬಟ್ಟೆ ಹೊದ್ದ ಹೆಣ, ಹೀಗೆ ಅವನು ಮಾಡದ ಪಾತ್ರವಿರಲಿಲ್ಲ. ಆದರೆ ಬಾಯಿ ಬಿಡುವ ಪಾತ್ರ ಮಾತ್ರ ಜನ್ಮದಲ್ಲಿ ಸಿಕ್ಕಿರಲಿಲ್ಲ.

"ಈ ಹಾಜಿ ಯಾಕೆ ಸಹಿ ಹಾಕ್ತಾನೆ?" ಎಂದು ಕೇಳಿದ ಫಿಕ್ರಿ.

"ನಾನು ದುಡ್ಡು ಕೊಡ್ತೀನಲ್ಲ, ಅದಕ್ಕೆ."

"ಅದು ನಾನು ಹಾಕೋ ಕಾರಣ ಪಾಷಾ. ಹಾಜಿ ಯಾಕೆ ಹಾಕ್ತಾನೆ? ನಿನ್ ಮೇಲೆ ಪ್ರೀತೀನೋ, ಅಳಿಯನ ಮೇಲೆ ಅನುಮಾನಾನೋ?"

"ಮಂಡಿನೋವು ಅಂದ್ಕೋ, ಸಾಕು" ಎಂದ ವಗ್ದಿ.

ಫಿಕ್ರಿಗೆ ಸಾಕಾಗಲಿಲ್ಲ. ಹಾಜಿಯ ಅಂಗಡಿಯೆದುರು ಕೂತು ಅವರ ನಡಿಗೆ, ಕೆಮ್ಮು, ಬೈಗುಳಗಳನ್ನೆಲ್ಲ ಕಲಿತ. ಅವರಂತೆಯೇ ಮೀಸೆ ಬಿಟ್ಟ, ಸ್ವಂತ ಖರ್ಚಿನಲ್ಲಿ ಒಂದು ಊರುಗೋಲನ್ನೂ ಕೊಂಡ. ವಗ್ದಿ ಗುರುತಿನ ಚೀಟಿಯೊಂದನ್ನು ಮಾಡಿಸಿದ. ಹೆಸರು, ನಂಬರು ಹಾಜಿಯದು, ಫೋಟೋ ಫಿಕ್ರಿಯದು.

ನೋಟರಿ ಕಚೇರಿಯಲ್ಲಿ ಕಾಲಿಡಲು ಜಾಗವಿರಲಿಲ್ಲ. ಕಿಟಕಿಯ ಆಚೆ ಕೂತಿದ್ದ ಮದಾಮ್ ಇನ್‌ಶಿರಾಹ್ ಅಪರೂಪಕ್ಕೆಂಬಂತೆ ಕಾಗದವನ್ನು ಓದಿಯೇಬಿಟ್ಟಳು. 

"ಹಾಜಿಯವ್ರೇ, ದುಬೈ ಶಾಖೇಲಿ ಮಾರೋದು, ಕೊಳ್ಳೋದು, ಬ್ಯಾಂಕಿನ ವ್ಯವಹಾರ ಎಲ್ಲಾ ಈ ವಗ್ದಿ ಅನ್ನೋರಿಗೇ ಬಿಟ್ಟಿದ್ದೀರಿ. ನಾಳೆ ಮೋಸ ಹೋದೆ ಅಂತ ಅಳ್ತಾ ಬರಬೇಡಿ."

ಫಿಕ್ರಿ ಊರುಗೋಲಿನಿಂದ ವಗ್ದಿಯನ್ನು ತೋರಿಸಿದ. "ಮೋಸಾನಾ? ಇವನಾ? ಅಷ್ಟು ಬುದ್ಧಿ ಇದ್ದಿದ್ರೆ ಇಷ್ಟು ವರ್ಷ ನನ್ ಹತ್ರ ಕತ್ತೆ ಥರ ದುಡೀತಿದ್ನಾ ಮಗಳೇ?"

ಸಾಲಿನಲ್ಲಿ ನಿಂತವರೆಲ್ಲ ಗೊಳ್ಳೆಂದು ನಕ್ಕರು. ಮದಾಮ್ ಕೂಡ ನಗುತ್ತಲೇ ಮೊಹರು ಒತ್ತಿದಳು. ವಗ್ದಿಯ ಕಿವಿ ಕೆಂಪಾಯಿತು, ಆದರೆ ಕೆಲಸವಾಗಿತ್ತು. ಹೊರಗೆ ಬಂದು ಹಣ ಕೊಟ್ಟು, "ಆ ಚೀಟಿ ಹರಿದು ನೈಲ್‌ಗೆ ಹಾಕು" ಎಂದ. ಅದನ್ನು ವಾಪಸು ಕೇಳಲಿಲ್ಲ. ನಕಲಿ ಚೀಟಿ ತನ್ನ ಜೇಬಿನಲ್ಲಿ ಸಿಗುವಷ್ಟು ದಡ್ಡ ತಾನಲ್ಲವೆಂದು ಅವನಿಗೆ ಸಮಾಧಾನವಿತ್ತು.

ಉಳಿದ ಮೊಹರುಗಳು ಒಂದರ ಹಿಂದೆ ಒಂದು ಬಿದ್ದವು. ತನ್ನೂರು ಟಂಟಾದಲ್ಲಿ ಅಮ್ಮನಿಗೆ ಹುಷಾರಿಲ್ಲವೆಂದು ಹಾಜಿಗೆ ಹೇಳಿ ವಗ್ದಿ ದುಬೈಗೆ ಹಾರಿದ. ಶಾಖೆ ನೋಂದಣಿಯಾಯಿತು, ಬ್ಯಾಂಕ್ ಖಾತೆ ತೆರೆಯಿತು. ಬರ್ಹೂಮಿ ಎಂಬ ಹೆಸರು ಕೇಳಿದ್ದೇ ತಡ, ವ್ಯಾಪಾರಿಗಳು ಮುಂಗಡ ಹಣ ಸುರಿದರು. ಇನ್ನು ಅದನ್ನು ತನ್ನ ಸ್ವಂತ ಖಾತೆಗೆ ದಾಟಿಸುವುದೊಂದೇ ಬಾಕಿ.

ಆ ಬೆಳಿಗ್ಗೆ ಬ್ಯಾಂಕಿನ ಅಧಿಕಾರಿ ತುಸು ಮುಜುಗರದಿಂದ, "ಕ್ಷಮಿಸಿ, ನಿಮ್ಮ ಅಧಿಕಾರಪತ್ರ ರದ್ದಾಗಿದೆ. ಹಾಜಿಯವರೇ ನೋಟರಿ ಹತ್ರ ಖುದ್ದಾಗಿ ಹೋಗಿ ರದ್ದು ಮಾಡಿಸಿದ್ದಾರೆ" ಎಂದ.

 ವಗ್ದಿ ಹೊರಗೆ ಬಂದು ಶುಬ್ರಾಕ್ಕೆ ಫೋನ್ ಮಾಡಿದ.

"ಎಲ್ಲಿದ್ದೀಯೋ ಮಗಾ?" ಹಾಜಿಯ ದನಿಯಲ್ಲಿ ಅಕ್ಕರೆ ತುಂಬಿತ್ತು. "ಅಮ್ಮ ಹೇಗಿದ್ದಾರೆ? ಬೇಗ ಬಾರೋ. ಈ ಡಾಕ್ಟರು ಸಕ್ಕರೆ ಕಮ್ಮಿ ಮಾಡ್ತೀನಿ ಅಂತ ಇಡೀ ಬಾಣಲೆ ಹಲ್ವಾ ಕೆಡಿಸಿಬಿಟ್ಟ. ನಾನಂತೂ ಅಂಗಡಿ ಬಿಟ್ಟು ಅಲ್ಲಾಡೋ ಹಾಗಿಲ್ಲ."

ಹಾಜಿಗೆ ಏನೂ ಗೊತ್ತಿಲ್ಲ! ವಗ್ದಿ ಗೋಡೆಗೊರಗಿ ಉಸಿರು ಬಿಟ್ಟ. ಎಲ್ಲೋ ಯಾವನೋ ಗುಮಾಸ್ತನ ಎಡವಟ್ಟು, ಅಷ್ಟೇ. ಟೈ ಸರಿಮಾಡಿಕೊಂಡು ಒಳಗೆ ಹೋಗಿ ಮೇಜು ಕುಟ್ಟಿದ. "ಏನೋ ತಪ್ಪಾಗಿದೆ. ಈಗಷ್ಟೇ ಹಾಜಿಯವರ ಹತ್ರ ಮಾತಾಡಿದೆ."

"ತಪ್ಪೇನಿಲ್ಲ ಸರ್. ಹೊಸ ಪ್ರತಿನಿಧಿ ಬಂದಿದ್ದಾರೆ, ನೀವೇ ಕೇಳಿ."

ಒಳಕೋಣೆಯಿಂದ ಹೊಸ ಸೂಟು ತೊಟ್ಟು, ಮೀಸೆ ಬೋಳಿಸಿಕೊಂಡು, ತನ್ನದೇ ಹೆಸರಿನ ಅಸಲಿ ಪಾಸ್‌ಪೋರ್ಟ್ ಹಿಡಿದು ಉಸ್ತಾದ್ ಫಿಕ್ರಿ ಬಂದ. ಅವನ ಹೆಸರಿಗೆ ಹಾಜಿ ಬರೆದುಕೊಟ್ಟ ಹೊಸ ಅಧಿಕಾರಪತ್ರ ಮೇಜಿನ ಮೇಲಿತ್ತು. ಅದಕ್ಕೂ ಎಲ್ಲ ಮೊಹರುಗಳೂ ಬಿದ್ದಿದ್ದವು. "ಇವರು ಹಾಜಿ ಹತ್ರ ತುಂಬಾ ವರ್ಷ ದುಡಿದೋರು, ಪಾಪ" ಎಂದ ಫಿಕ್ರಿ ಮರುಕದಿಂದ. "ಆಕ್ಷೇಪಣೆ ಇದ್ರೆ ಹೇಳಿ ಸರ್, ಹಾಜಿಯವರನ್ನೇ ಕರೆಸಿ ವಿಚಾರಿಸೋಣ" ಎಂದ ಅಧಿಕಾರಿ. ಅಸಲಿ ಹಾಜಿ ಬಂದರೆ ತನ್ನ ಬಂಡವಾಳವೇ ಬಯಲಾಗುವುದೆಂದು ವಗ್ದಿ ಕಾಗದಗಳನ್ನು ಚೀಲಕ್ಕೆ ತುರುಕಿಕೊಂಡ. ಅಧಿಕಾರಪತ್ರ ಕೊಟ್ಟವನು ಬೇಕೆಂದಾಗ ಅದನ್ನು ಹಿಂತೆಗೆದುಕೊಂಡು ಬೇರೆಯವನಿಗೆ ಕೊಡಬಹುದು. ಪಡೆಯುವವನು ಆಗ ನೋಟರಿಯ ಮುಂದೆ ಇರಬೇಕೆಂದೂ ಇಲ್ಲ. ಆ ನಕಲಿ ಚೀಟಿ ನೈಲ್ ಸೇರಿರಲೇ ಇಲ್ಲ. ಮದಾಮ್ ಇನ್‌ಶಿರಾಹ್‌ಗೆ ಗೊತ್ತಿದ್ದ ಹಾಜಿ ಬರ್ಹೂಮಿ ಒಬ್ಬನೇ, ಅವಳ ಮುಂದೆ ಆ ಹಾಜಿಯನ್ನು ಕರೆತಂದು ನಿಲ್ಲಿಸಿದವನು ವಗ್ದಿಯೇ.